ಕ್ಯಾಮೆರಾಕ್ಕಿಂತ ಸ್ವಲ್ಪ ಮೇಲೆ ನೋಡಿದವಳು

ಉಮಾಮಹೇಶ್ವರಿ ಮೊದಲ ಮದುವೆಯ ವಿಡಿಯೊ ತೆಗೆದಾಗ ಅವಳಿಗೆ ಇಪ್ಪತ್ತಾರು ವರ್ಷ. ಅದು 2006ರ ಮಾತು. ಹೆಗಲ ಮೇಲೆ ಕ್ಯಾಮೆರಾ ಹೊತ್ತ ಹೆಂಗಸನ್ನು ಕಲ್ಯಾಣ ಮಂಟಪದಲ್ಲಿ ಕಂಡರೆ ಜನ ಮದುಮಕ್ಕಳನ್ನು ಬಿಟ್ಟು ಅವಳನ್ನೇ ನೋಡುತ್ತಿದ್ದರು. ಧಾರೆಯ ಹೊತ್ತಿಗೆ ಪುರೋಹಿತರೊಬ್ಬರು, "ಸ್ವಲ್ಪ ಸರೀರಮ್ಮ. ನಿಮ್ ಜೊತೆ ಗಂಡಸರು ಯಾರೂ ಬಂದಿಲ್ವಾ?" ಎಂದು ಕೇಳಿದ್ದರಂತೆ. ಅವಳು ಸರಿದಳು, ಕ್ಯಾಮೆರಾ ಮಾತ್ರ ಇಳಿಸಲಿಲ್ಲ. ಎರಡು ಮೂರು ವರ್ಷದಲ್ಲಿ ಎಲ್ಲರಿಗೂ ಅಭ್ಯಾಸವಾಯಿತು. ಮದುಮಗಳಿಗೆ ಸೀರೆ ಉಡಿಸುವ ಕೋಣೆಗೂ ಅವಳು ಹೋಗಬಹುದಾದ್ದರಿಂದ ಹೆಣ್ಣಿನ ಕಡೆಯವರು ಅವಳನ್ನೇ ಕೇಳಿಕೊಂಡು ಬರತೊಡಗಿದರು. ಫೋಟೊ ತೆಗೆಯಲು ಜೊತೆಗಿರುತ್ತಿದ್ದವನು ಮಲ್ಲಿಕ್. ಶಿವಮೊಗ್ಗದ ನೆಹರೂ ರಸ್ತೆಯ ಹಿಂದಿನ ಓಣಿಯಲ್ಲಿ ಅವನ ಸ್ಟುಡಿಯೊ. ಹದಿನೆಂಟು ವರ್ಷ ಇಬ್ಬರೂ ಒಂದೇ ಮದುವೆಗೆ ಹೋಗಿ, ಒಂದೇ ಪಂಕ್ತಿಯಲ್ಲಿ ಉಂಡು ಬಂದವರು.

ಆಲ್ಕೊಳ ಸರ್ಕಲ್ಲಿನಿಂದ ಸ್ವಲ್ಪ ಒಳಗೆ ಅವಳ ಮನೆ. ಮುಂದಿನ ಕೋಣೆಯೇ ಎಡಿಟಿಂಗ್ ರೂಮು. ಗಂಡ ಉಜ್ಜನಪ್ಪನಿಗೆ ಆಯನೂರಿನಲ್ಲಿ ಮೋಟರ್ ವೈಂಡಿಂಗ್ ಅಂಗಡಿ. ಬೆಳಿಗ್ಗೆ ಹೋದರೆ ಸಂಜೆಗೇ ವಾಪಸು. ನನ್ನ ತಂಗಿಯ ಮದುವೆಯ ಹಳೇ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಹಾಕಿಸಲು ಹೋದಾಗ ಉಮಾ ಇದನ್ನೆಲ್ಲ ನನಗೆ ಹೇಳಿದ್ದು ಆ ಕೋಣೆಯಲ್ಲೇ. ಹೇಳುವಾಗ ಮಧ್ಯೆ ಎರಡು ಸಲ ಎದ್ದು ಹೋಗಿ ಬಾಗಿಲು ಪೂರ್ತಿ ತೆಗೆದು ಬಂದಳು, ಗಾಳಿ ಬರಲಿ ಎಂದು.

ಕತ್ತರಿಸಿ, ಹಾಡು ಸೇರಿಸಿ ಮದುವೆ ಮನೆಯವರಿಗೆ ಕೊಡುವ ವಿಡಿಯೊ ಎರಡು ಗಂಟೆಯದು. ತೆಗೆದದ್ದು ಏಳೆಂಟು ಗಂಟೆಯದು. ಉಳಿದದ್ದನ್ನು ಬೇರೆಯವರು ಆರು ತಿಂಗಳಿಗೆ ಅಳಿಸಿ ಹಾಕುತ್ತಾರೆ. ಉಮಾ ಅಳಿಸುತ್ತಿರಲಿಲ್ಲ. ಮದುವೆಯಾದ ನಾಲ್ಕೈದು ವರ್ಷಕ್ಕೆ ಜನ ಮತ್ತೆ ಬಾಗಿಲಿಗೆ ಬರುವುದನ್ನು ಅವಳು ನೋಡಿದ್ದಳು. ಯಾರೋ ತೀರಿಕೊಂಡಿರುತ್ತಾರೆ. "ಅಕ್ಕಾ, ನಮ್ಮಪ್ಪ ಎಲ್ಲಾದ್ರೂ ನಡ್ಕೊಂಡು ಹೋಗಿರೋದು ಇದೆಯಾ ನೋಡಿ. ಫೋಟೊ ಎಲ್ಲಾ ಇದೆ, ನಡಿಯೋದು ಬೇಕು" ಎನ್ನುತ್ತಾರೆ. ಅವಳು ಹುಡುಕಿ ಕೊಡುತ್ತಿದ್ದಳು. ಪಂಕ್ತಿಯಲ್ಲಿ ಹಪ್ಪಳ ಮುರಿಯುವ ಅಜ್ಜಿ, ಚಪ್ಪಲಿ ಹುಡುಕುವ ಮಾವ, ಹೀಗೆ.

2018ರಲ್ಲಿ ಅವಳ ಹಾರ್ಡ್ ಡಿಸ್ಕ್ ಒಂದು ಕೆಟ್ಟು ಹೋಯಿತು. ಟಿಕ್ ಟಿಕ್ ಎಂದು ಒಂದು ದಿನ ಬಡಿದುಕೊಂಡು ಸುಮ್ಮನಾಯಿತು. ಅದರಲ್ಲಿ ನಲವತ್ತೊಂದು ಮದುವೆಗಳಿದ್ದವು. ಅದೇ ತಿಂಗಳು ದುರ್ಗಿಗುಡಿಯಿಂದ ಸುಬ್ಬಲಕ್ಷ್ಮಿ ಎಂಬವರು ಬಂದರು. ಗಂಡ ಶ್ರೀನಿವಾಸಮೂರ್ತಿ ಮೇಷ್ಟ್ರು ಹೋಗಿ ಹದಿನೈದು ದಿನವಾಗಿತ್ತು. ಅವರು ಯಾರದೋ ಮದುವೆಯಲ್ಲಿ ಮಂತ್ರಾಕ್ಷತೆ ಹಾಕಿ ನಕ್ಕಿದ್ದನ್ನು ಉಮಾ ತೆಗೆದಿದ್ದಳು, ಅದು ಆ ಡಿಸ್ಕಿನಲ್ಲಿತ್ತು. ಇಲ್ಲ ಎಂದಾಗ ಆಕೆ ಅಳಲಿಲ್ಲ. "ಒಂದು ನಿಮಿಷದ್ದು ಇದ್ರೂ ಸಾಕಾಗಿತ್ತು" ಎಂದು ಅಲ್ಲೇ ಅರ್ಧ ಗಂಟೆ ಕೂತು ಎದ್ದು ಹೋದರು. ಅಲ್ಲಿಂದ ಉಮಾ ಯಾವ ಡಿಸ್ಕನ್ನೂ ನಂಬುವುದನ್ನು ಬಿಟ್ಟಳು.

2024ರ ಆಷಾಢದಲ್ಲಿ, ಮದುವೆಗಳಿಲ್ಲದೆ ಕೈ ಖಾಲಿ ಇದ್ದಾಗ, ಅವಳು ಎಂಟು ಟೆರಾಬೈಟಿನ ದೊಡ್ಡ ಹಾರ್ಡ್ ಡಿಸ್ಕ್ ತಂದಳು. ಜೇಬಿನಲ್ಲಿ ಇಟ್ಟುಕೊಂಡು ಹೋಗುವ ಜಾತಿಯದಲ್ಲ. ದಪ್ಪ ನಿಘಂಟನ್ನು ನೆಟ್ಟಗೆ ನಿಲ್ಲಿಸಿದಂಥ ಕಪ್ಪು ಪೆಟ್ಟಿಗೆ. ಮೇಜಿನ ಮೇಲೆ ಒಂದೇ ಕಡೆ ಇರಬೇಕು, ತಿರುಗುವಾಗ ಅಲುಗಾಡಿಸಬಾರದು, ಕಂಪ್ಯೂಟರಿನ ಕರೆಂಟು ಅದಕ್ಕೆ ಸಾಲುವುದಿಲ್ಲ, ಬೇರೆ ಅಡಾಪ್ಟರ್ ಬೇಕು. ಉಳಿದ ಆರು ಹಳೇ ಡಿಸ್ಕುಗಳಲ್ಲಿ ಚದುರಿದ್ದ ನೂರ ತೊಂಬತ್ತು ಮದುವೆಗಳನ್ನು ಇದೊಂದಕ್ಕೆ ಸೇರಿಸಿ, ಆಮೇಲೆ ಇಂಥದ್ದೇ ಇನ್ನೊಂದು ತಂದು ಎರಡು ಪ್ರತಿ ಮಾಡುವುದು ಅವಳ ಲೆಕ್ಕ.

ಮೇಜನ್ನು ಗೋಡೆಯಿಂದ ಒಂದು ಗೇಣು ಮುಂದೆ ಎಳೆದು, ಗಾಳಿಯಾಡುವಂತೆ ಡಿಸ್ಕನ್ನು ರಬ್ಬರ್ ಮ್ಯಾಟಿನ ಮೇಲೆ ನಿಲ್ಲಿಸಿದಳು. ಕರೆಂಟು ಹೋದರೂ ನಿಲ್ಲಬಾರದೆಂದು ಅಡಾಪ್ಟರನ್ನು ಯುಪಿಎಸ್‌ಗೆ ಸಿಕ್ಕಿಸಿದಳು. ಸ್ವಿಚ್ ಹಾಕಿದ ಮೇಲೆ ಒಳಗೆ ಏನೋ ಮೆಲ್ಲಗೆ ಎದ್ದು ತಿರುಗತೊಡಗಿತು. ಮೊದಲ ಪರೀಕ್ಷೆ, ಖಾಲಿ ಡಿಸ್ಕಿನ ಮೂಲೆಮೂಲೆಗೂ ಬರೆದು, ಬರೆದದ್ದನ್ನು ಮತ್ತೆ ಓದುವುದು. ಅದಕ್ಕೊಂದು ಸಾಫ್ಟ್‌ವೇರ್ ಇದೆ. ಒಂದು ಹಗಲು ಒಂದು ರಾತ್ರಿ ಬೇಕಾಯಿತು. ಆಗಾಗ ಬಂದು ಬೆನ್ನಿಗೆ ಕೈಯಿಟ್ಟು ಬಿಸಿ ನೋಡುತ್ತಿದ್ದಳು. ಜ್ವರ ಬಿಟ್ಟ ಮಗುವಿನ ಮೈಯಷ್ಟು ಬೆಚ್ಚಗಿತ್ತು, ಅಷ್ಟೆ. ಕೆಟ್ಟ ಜಾಗ ಒಂದೂ ಇರಲಿಲ್ಲ. ಆಮೇಲೆ ಫಾರ್ಮ್ಯಾಟ್ ಮಾಡಿ, 'ಮದುವೆ' ಎಂದು ಹೆಸರು ಕೊಟ್ಟು, ಹಳೇ ಡಿಸ್ಕುಗಳನ್ನು ಒಂದೊಂದಾಗಿ ಸಿಕ್ಕಿಸಿ ಕಾಪಿಗೆ ಹಾಕಿದಳು. ನಾಲ್ಕು ದಿನ ಹಿಡಿಯಿತು. ಕೊನೆಗೆ ಇನ್ನೊಂದು ಸಾಫ್ಟ್‌ವೇರ್ ಮೂಲವನ್ನೂ ಪ್ರತಿಯನ್ನೂ ಫೈಲು ಫೈಲಾಗಿ ಹೋಲಿಸಿ, ಒಂದೂ ವ್ಯತ್ಯಾಸವಿಲ್ಲ ಎಂದು ಹಸಿರು ಅಕ್ಷರದಲ್ಲಿ ತೋರಿಸಿತು.

ಬೇರೆಯವರು ಅಲ್ಲಿಗೆ ನಿಲ್ಲಿಸುತ್ತಿದ್ದರು. ಉಮಾಗೆ ಕಣ್ಣಲ್ಲಿ ನೋಡಬೇಕಿತ್ತು. ಪ್ರತಿ ಹತ್ತು ಫೈಲಿಗೆ ಒಂದನ್ನು ತೆಗೆದು, ಯಾವುದೋ ಒಂದು ನಿಮಿಷಕ್ಕೆ ಹಾರಿ, ಚಿತ್ರ ಒಡೆಯದೆ ಓಡುತ್ತದೆಯೋ ಎಂದು ನೋಡತೊಡಗಿದಳು. ಮಧ್ಯಾಹ್ನ, ಊಟವಾದ ಮೇಲೆ, ಕಿಟಕಿಯ ಪರದೆ ಎಳೆದುಕೊಂಡು.

2008, ಭದ್ರಾವತಿ. ಧಾರೆಯ ಹೊತ್ತು. ಎಲ್ಲರೂ ವೇದಿಕೆ ನೋಡುತ್ತಿದ್ದಾರೆ. ತೀರ ಹಿಂದೆ, ಕಂಬದ ಪಕ್ಕ, ನೀಲಿ ಸೀರೆಯ ಹೆಂಗಸೊಬ್ಬಳು ನಿಂತಿದ್ದಾಳೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದಾಳೆ, ವಯಸ್ಸು ಐವತ್ತರ ಮೇಲೆ. ಅವಳು ಮದುಮಕ್ಕಳನ್ನು ನೋಡುತ್ತಿಲ್ಲ, ಕ್ಯಾಮೆರಾ ನೋಡುತ್ತಿದ್ದಾಳೆ. ಮದುವೆ ವಿಡಿಯೊದಲ್ಲಿ ಇದು ಹೊಸದಲ್ಲ. ಜನ ಕ್ಯಾಮೆರಾ ನೋಡುತ್ತಾರೆ, ನಾಚಿಕೊಂಡು ಮುಖ ತಿರುಗಿಸುತ್ತಾರೆ. ಇವಳು ತಿರುಗಿಸಲಿಲ್ಲ. ಉಮಾ ಆ ಫೈಲು ಮುಚ್ಚಿದಳು.

ಮರುದಿನ ತೆಗೆದದ್ದು 2011ರದು. ಕುಂಸಿಯ ಒಂದು ಮನೆಯ ಅಂಗಳದ ಮದುವೆ. ಮುಹೂರ್ತ ಮುಗಿದು ಜನ ಚೆದುರುತ್ತಿದ್ದಾರೆ. ತೆಂಗಿನ ಗರಿಯ ಚಪ್ಪರದ ಕೆಳಗೆ ಅದೇ ಹೆಂಗಸು. ಸೀರೆ ಬೇರೆ, ಸೆರಗು ಹಾಗೇ ಸೊಂಟದಲ್ಲಿ. ಭದ್ರಾವತಿಯ ಬ್ರಾಹ್ಮಣರ ಮದುವೆಗೂ ಐವತ್ತು ಕಿಲೋಮೀಟರ್ ಆಚೆಯ ಕುಂಸಿಯ ಲಿಂಗಾಯತರ ಮದುವೆಗೂ ಬರುವಂಥ ನೆಂಟರು ಯಾರಿರುತ್ತಾರೆ?

ಮೊದಲು ಅವಳು ಅನುಮಾನಪಟ್ಟದ್ದು ಡಿಸ್ಕಿನ ಮೇಲೆ. ಕಾಪಿಯಾಗುವಾಗ ಒಂದು ವಿಡಿಯೊದ ತುಂಡು ಇನ್ನೊಂದಕ್ಕೆ ಸೇರಿಕೊಂಡಿದೆಯೇನೋ. ಹಸಿರು ಅಕ್ಷರ ಸುಳ್ಳು ಹೇಳಿತೇನೋ. ಕುಂಸಿಯ ಮದುವೆ ಇದ್ದ ಹಳೇ ಡಿಸ್ಕ್ ಸಿಕ್ಕಿಸಿ, ಅದೇ ನಿಮಿಷಕ್ಕೆ ಹೋದಳು. ಅಲ್ಲೂ ಇದ್ದಳು. ಹದಿಮೂರು ವರ್ಷದಿಂದ ಅಲ್ಲೇ ಇದ್ದಳು. ಎರಡನ್ನೂ ಪಕ್ಕಪಕ್ಕ ಹಾಕಿ ಓಡಿಸಿದಾಗ ಪರದೆಯ ಮೇಲೆ ಆ ಹೆಂಗಸು ಇಬ್ಬರಾಗಿ ನಿಂತು ಉಮಾಳನ್ನೇ ನೋಡಿದಂತಾಯಿತು. ಡಿಸ್ಕಿನಲ್ಲಿ ಏನೂ ತಪ್ಪಿರಲಿಲ್ಲ.

ಆ ರಾತ್ರಿ ಉಜ್ಜನಪ್ಪನಿಗೆ ತೋರಿಸಿದಳು. ಅವನು ಕನ್ನಡಕ ಹಾಕಿಕೊಂಡು ನೋಡಿದ. "ಕರೀದೇ ಇದ್ರೂ ಮದುವೆ ಊಟಕ್ಕೆ ಬರೋರು ಇರ್ತಾರೆ ಮಾರಾಯ್ತಿ. ಅದ್ಕೆ ಯಾಕಿಷ್ಟು ತಲೆ ಕೆಡಿಸ್ಕೊಂಡಿದೀಯ?"

"ಊಟಕ್ಕೆ ಬಂದೋಳು ಊಟ ನೋಡ್ಬೇಕಲ್ಲ. ನನ್ನ ಯಾಕೆ ನೋಡ್ತಾಳೆ?"

"ನಿನ್ನನ್ನೆಲ್ಲಿ ನೋಡ್ತಿದಾಳೆ? ಕ್ಯಾಮೆರಾ ನೋಡ್ತಿದಾಳೆ."

ಅವನು ಹಾಗಂದ ಮೇಲೆಯೇ ಉಮಾ ಅದನ್ನು ಗಮನಿಸಿದ್ದು. ಕ್ಯಾಮೆರಾ ನೋಡುವವರ ಕಣ್ಣು ಪರದೆಯಲ್ಲಿ ನೇರವಾಗಿ ನಮ್ಮ ಕಣ್ಣಿಗೆ ಬೀಳುತ್ತದೆ. ಈ ಹೆಂಗಸಿನ ಕಣ್ಣು ಬೀಳುತ್ತಿರಲಿಲ್ಲ. ಅವಳು ನೋಡುತ್ತಿದ್ದದ್ದು ಲೆನ್ಸಿಗಿಂತ ಸ್ವಲ್ಪ ಮೇಲೆ, ಸ್ವಲ್ಪ ಎಡಕ್ಕೆ. ಕ್ಯಾಮೆರಾ ಹೊತ್ತಾಗ ಉಮಾಳ ಮುಖ ಇರುತ್ತಿದ್ದ ಜಾಗ ಅದು.

ಆಮೇಲೆ ಹತ್ತಕ್ಕೊಂದು ಎಂಬ ಲೆಕ್ಕ ಬಿಟ್ಟು ಎಲ್ಲವನ್ನೂ ತೆಗೆದಳು. ವರ್ಷಗಳ ಸಾಲಿನಲ್ಲೇ ನೋಡುತ್ತ ಹೋದಳು. ಮೂರು ವಾರ, ಬೆಳಗಿನಿಂದ ಸಂಜೆಯವರೆಗೆ. ಎಷ್ಟೋ ಜನ ಈಗ ಇಲ್ಲದವರು ಪರದೆಯ ಮೇಲೆ ಎಂಟು ಪಟ್ಟು ವೇಗದಲ್ಲಿ ಉಣ್ಣುತ್ತ, ನಗುತ್ತ, ಅಕ್ಷತೆ ಎಸೆಯುತ್ತ ಓಡಾಡುತ್ತಿದ್ದರು; ಅವರ ನಡುವೆ ಎಲ್ಲೋ ಒಂದು ಕಡೆ ಅಲುಗಾಡದೆ ನಿಂತ ಆಕೃತಿ ಕಂಡರೆ ಉಮಾ ನಿಲ್ಲಿಸುತ್ತಿದ್ದಳು. ನೂರ ತೊಂಬತ್ತರಲ್ಲಿ ಅರವತ್ತು ಮದುವೆಗೆ ಆ ಹೆಂಗಸು ಬಂದಿದ್ದಳು. 2008ರಲ್ಲಿ ಕಂಬದ ಹಿಂದೆ ಇದ್ದವಳು ಮುಂದಿನ ವರ್ಷ ಕೊನೆಯ ಸಾಲಿನ ಕುರ್ಚಿಯ ಹತ್ತಿರ. ಕುಂಸಿಯಲ್ಲಿ ಇಪ್ಪತ್ತು ಹೆಜ್ಜೆ ದೂರ. 2013ರಲ್ಲಿ ಹತ್ತು ಹೆಜ್ಜೆ. 2015ರಲ್ಲಿ ಶಿವಮೊಗ್ಗದ ಒಂದು ನಿಶ್ಚಿತಾರ್ಥದಲ್ಲಿ ಮುಖದ ಸುಕ್ಕು ಎಣಿಸುವಷ್ಟು ಹತ್ತಿರ. 2016ರ ಒಂದು ಕಡೆ ಮುಖವೇ ಇಲ್ಲ. ಚಿತ್ರದ ಅಂಚಿನಿಂದ ಒದ್ದೆ ಕೈಯೊಂದು ಬಂದು, ಕ್ಯಾಮೆರಾದ ಮೇಲಿನಿಂದ ಹಾದು ಹೋಗಿ, ಎರಡು ಅಕ್ಷತೆ ಕಾಳು ಹಿಡಿದುಕೊಂಡು ವಾಪಸಾಯಿತು. ತನ್ನ ತಲೆಕೂದಲಿನಿಂದ ತೆಗೆದದ್ದು ಎಂದು ತಿಳಿಯಲು ಉಮಾಗೆ ಸ್ವಲ್ಪ ಹೊತ್ತು ಹಿಡಿಯಿತು. ಅವತ್ತು ಅದು ಅವಳಿಗೆ ಗೊತ್ತೇ ಆಗಿರಲಿಲ್ಲ. ಕೆಲಸ ಮಾಡುವಾಗ ಒಂದು ಕಣ್ಣು ಕ್ಯಾಮೆರಾದಲ್ಲಿ, ಇನ್ನೊಂದು ಮುಚ್ಚಿರುತ್ತದೆ. ಎಡಿಟ್ ಮಾಡುವಾಗಲೂ ಮದುಮಕ್ಕಳ ಮೇಲಷ್ಟೇ ಕಣ್ಣು.

ಕೊನೆಯದು 2017ರ ಮೇ, ಭದ್ರಾವತಿ. ಆ ಮದುವೆಯಲ್ಲಿ ಉಮಾ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಊಟಕ್ಕೆ ಹೋಗುವಾಗ ಆಫ್ ಮಾಡುವುದನ್ನು ಮರೆತಿದ್ದಳು. ಇಪ್ಪತ್ತೆರಡು ನಿಮಿಷ ಖಾಲಿ ಕುರ್ಚಿಗಳು. ಎಡಿಟ್ ಮಾಡುವಾಗ ಆ ಭಾಗವನ್ನು ನೋಡದೆಯೇ ಕತ್ತರಿಸಿದ್ದಳು. ಎದುರಿನ ಒಂದು ಕುರ್ಚಿಯ ಮೇಲೆ ಅವಳ ಬ್ಯಾಗು, ಕೆಳಗೆ ಜಾರಿಬಿದ್ದ ದುಪ್ಪಟ್ಟ. ಒಂಬತ್ತನೇ ನಿಮಿಷಕ್ಕೆ ಆ ಹೆಂಗಸು ಸೆರಗಿಗೆ ಕೈ ಒರೆಸುತ್ತ ಬಂದಳು. ದುಪ್ಪಟ್ಟ ಎತ್ತಿ, ಧೂಳು ಕೊಡವಿ, ನಾಲ್ಕು ಮಡಿಕೆ ಮಾಡಿ ಬ್ಯಾಗಿನ ಮೇಲಿಟ್ಟಳು. ಪಕ್ಕದ ಕುರ್ಚಿಯಲ್ಲಿ ಕೂತಳು. ಬ್ಯಾಗಿದ್ದ ಕುರ್ಚಿಯ ಕಡೆ ತಿರುಗಿ, "ಉಂಡ್ಯಾ?" ಎಂದಳು.

ಉತ್ತರ ಬರುವಷ್ಟು ಹೊತ್ತು ಕಾದು, ತಲೆಯಾಡಿಸಿದಳು. "ಹಂಗೇ ಬಿಸ್ಲಲ್ಲಿ ತಿರುಗ್ಬೇಡ" ಎಂದಳು. ಮತ್ತೆ ಕಾದಳು. ಏನೋ ಕೇಳಿಸಿಕೊಂಡವಳ ಹಾಗೆ ನಕ್ಕಳು. ಆಮೇಲಿನ ಮಾತು ವಾದ್ಯದ ಸದ್ದಿನಲ್ಲಿ ಮುಳುಗಿಹೋಗಿದೆ, ಆದರೆ ತುಟಿ ಆಡುವುದು ಕಾಣುತ್ತದೆ. ಹತ್ತು ನಿಮಿಷ ಆ ಹೆಂಗಸು ಖಾಲಿ ಕುರ್ಚಿಯ ಜೊತೆ ಮಾತಾಡಿದಳು. ಎದ್ದು ಹೋಗುವಾಗ ಕ್ಯಾಮೆರಾದ ಕಡೆ ತಿರುಗಿ, ಲೆನ್ಸಿಗಿಂತ ಸ್ವಲ್ಪ ಮೇಲೆ, ಸ್ವಲ್ಪ ಎಡಕ್ಕೆ ನೋಡಿದಳು. ಅಲ್ಲಿ ಆಗ ಯಾರೂ ಇರಲಿಲ್ಲ.

ಉಮಾ ಕಂಪ್ಯೂಟರ್ ಆರಿಸಿ ಹಿತ್ತಲಿಗೆ ಹೋಗಿ ನಿಂತಳು. ಬಿಸಿಲಿತ್ತು. ಒಳಗೆ ಹೊಸ ಡಿಸ್ಕು ತಿರುಗುತ್ತಲೇ ಇರುವುದು ಅಲ್ಲಿಗೂ ಕೇಳಿದಂತಾಯಿತು. ಅಷ್ಟು ದೂರಕ್ಕೆ ಅದು ಕೇಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

2017ರ ನಂತರದ ಒಂದು ಮದುವೆಯಲ್ಲೂ ಆ ಹೆಂಗಸು ಇರಲಿಲ್ಲ.

ಮರುದಿನ ಬೆಳಿಗ್ಗೆ ಒಂದು ಚಿತ್ರವನ್ನು ಮೊಬೈಲಿಗೆ ಹಾಕಿಕೊಂಡು ಮಲ್ಲಿಕನ ಸ್ಟುಡಿಯೊಗೆ ಹೋದಳು. ಯಾರು ಗೊತ್ತಾ ಎಂದು ಕೇಳಿದಳು. ಗೊತ್ತಿಲ್ಲ ಎನ್ನುತ್ತಾನೆ ಎಂದೇ ಅವಳು ಅಂದುಕೊಂಡಿದ್ದಳು.

"ಓ, ದುರ್ಗಮ್ಮ" ಎಂದ ಮಲ್ಲಿಕ್.

"ನಿಂಗೆ ಗೊತ್ತಾ?"

"ಪಾತ್ರೆ ತೊಳೆಯೋಕೆ ಬರ್ತಿದ್ಲಲ್ಲ ಉಮಕ್ಕ, ಅಡುಗೆಯವ್ರ ಜೊತೆ. ಭದ್ರಾವತಿ ಹೊಸಮನೆ ಕಡೆಯೋಳು."

ಉಮಾಗೆ ಒಂದು ಕ್ಷಣ ಎದೆಯ ಮೇಲಿಂದ ಭಾರ ಇಳಿದಂತಾಯಿತು. ಪಾತ್ರೆ ತೊಳೆಯುವವಳು, ಅದಕ್ಕೇ ಸೊಂಟದಲ್ಲಿ ಸೆರಗು, ಒದ್ದೆ ಕೈ. ಆದರೆ ಮಲ್ಲಿಕ್ ಮಾತು ಮುಗಿಸಿರಲಿಲ್ಲ. ಅವನ ಮುಖ ಸಣ್ಣಗಾಗಿತ್ತು.

"ಮುಂದಿನ್ ಮದುವೆ ಎಲ್ಲಿ ಅಂತ ಕೇಳ್ತಿದ್ಲು. ಹೇಳ್ತಿದ್ದೆ."

"ಯಾವ ಮದುವೆ?"

"ನೀವು ಬರೋ ಮದುವೆ."

"ಎಷ್ಟು ವರ್ಷ ಹೇಳಿದೀಯ?"

"ಒಂದ್ ಎಂಟೊಂಬತ್ತು ವರ್ಷ. ಆ ಊರಲ್ಲಿ ಅಡುಗೆ ಕೆಲಸ ಹಿಡ್ದಿರೋರ ಹತ್ರ ಹೋಗಿ ಸೇರ್ಕೊಳ್ತಿದ್ಲು. ತೀರ್ಕೊಂಡಿರೋ ಮಗಳು ನಿಮ್ ಥರಾನೇ ಇದ್ಲಂತೆ. ಹೇಳ್ಬೇಡ, ಹೆದ್ರುತ್ತಾಳೆ ಅಂದ್ಲು. ಪಾಪ ಅನ್ನಿಸ್ತು." ಅವನು ಕ್ಯಾಮೆರಾದ ಬೆಲ್ಟನ್ನು ಸುತ್ತಿ ಬಿಚ್ಚಿ ಮಾಡುತ್ತಿದ್ದ. "ಆಮೇಲೆ ನಿಮ್ದೊಂದು ಫೋಟೊ ಕೇಳಿದ್ಲು. ಪ್ರಿಂಟ್ ಹಾಕ್ಕೊಟ್ಟೆ. ಅದಾದ್ಮೇಲೆ ಬರ್ಲಿಲ್ಲ."

ಉಮಾ ಅವನ ಜೊತೆ ಜಗಳವಾಡಲಿಲ್ಲ. ಎದ್ದು ಬಸ್ ಸ್ಟ್ಯಾಂಡಿಗೆ ನಡೆದಳು. ಭದ್ರಾವತಿಯ ಬಸ್ಸು ಹತ್ತಿ ಕೂತ ಮೇಲೆ ಕಿಟಕಿಯ ಗಾಜಿನಲ್ಲಿ ತನ್ನ ಮುಖ ಕಂಡು, ಆ ಕಡೆ ನೋಡಬಾರದೆಂದು ಮುಂದಿನ ಸೀಟಿನ ಬೆನ್ನು ನೋಡುತ್ತ ಹೋದಳಂತೆ.

ಹೊಸಮನೆಯಲ್ಲಿ ಆಟೊದಿಂದ ಇಳಿದಾಗ ಮಧ್ಯಾಹ್ನ ಹನ್ನೆರಡು. ಓಣಿಯ ನಲ್ಲಿಯ ಹತ್ತಿರ ಇಬ್ಬರು ಹೆಂಗಸರು ಕೊಡ ಹಿಡಿದು ನಿಂತಿದ್ದರು. "ದುರ್ಗಮ್ಮನ ಮನೆ ಯಾವ್ದು?" ಎಂದು ಕೇಳಿದಳು. ಇಬ್ಬರೂ ತಿರುಗಿ ನೋಡಿದರು. ಒಬ್ಬಳ ಕೈ ಬಾಯಿಗೆ ಹೋಯಿತು. ಇನ್ನೊಬ್ಬಳು ಪಕ್ಕದಲ್ಲಿ ಆಡುತ್ತಿದ್ದ ಮಗುವಿನ ರಟ್ಟೆ ಹಿಡಿದು ತನ್ನ ಹಿಂದಕ್ಕೆ ಎಳೆದುಕೊಂಡಳು. ಕೊಡ ತುಂಬಿ ನೀರು ಹೊರಗೆ ಚೆಲ್ಲುತ್ತಿತ್ತು, ನಲ್ಲಿ ನಿಲ್ಲಿಸುವವರಿಲ್ಲ.

"ದುರ್ಗಮ್ಮ" ಎಂದು ಉಮಾ ಮತ್ತೆ ಹೇಳಿದಳು. "ಪಾತ್ರೆ ಕೆಲಸಕ್ಕೆ ಹೋಗ್ತಿದ್ರಲ್ಲ."

ಬಾಯಿಗೆ ಕೈಯಿಟ್ಟವಳು ಇನ್ನೊಂದು ಕೈ ನೀಡಿ ಮೂರನೇ ಬಾಗಿಲು ತೋರಿಸಿದಳು. ಉಮಾ ಮುಂದೆ ನಡೆದಾಗ ಹಿಂದಿನಿಂದ ಪಿಸುಮಾತು ಕೇಳಿತು, "ಅವ್ಳೇ ಕಣೇ."

ಬಾಗಿಲು ತೆರೆದೇ ಇತ್ತು. ತಗಡಿನ ಮಾಡಿನ ಒಂದೇ ಕೋಣೆ, ಚೊಕ್ಕಟವಾಗಿ ಗುಡಿಸಿತ್ತು. ಹೊರಗಿನ ಬಿಸಿಲಿನಿಂದ ಬಂದವಳಿಗೆ ಮೊದಲು ಏನೂ ಕಾಣಲಿಲ್ಲ. ಆಮೇಲೆ ಎದುರಿನ ಗೋಡೆ ಕಂಡಿತು. ದೇವರ ಪಟಗಳ ಪಕ್ಕ, ಮೊಳೆಗೆ ತೂಗುಹಾಕಿದ ದೊಡ್ಡ ಫೋಟೊ. ಗಾಜಿನ ಮೇಲೆ ಹಣೆಯ ಜಾಗಕ್ಕೆ ಕುಂಕುಮ. ಚೌಕಟ್ಟಿಗೆ ಅವತ್ತಿನದೇ ಕನಕಾಂಬರದ ಹಾರ. ಕೆಳಗೆ ಮಣೆಯ ಮೇಲೆ ಸ್ಟೀಲ್ ತಟ್ಟೆಯಲ್ಲಿ ಒಂದು ಹಿಡಿ ಅನ್ನ, ಸಾರು. ಫೋಟೊದಲ್ಲಿ ಉಮಾ ಯಾರದೋ ಮಾತಿಗೆ ಪಕ್ಕಕ್ಕೆ ತಿರುಗಿ ನಗುತ್ತಿದ್ದಳು.

ತನ್ನನ್ನೇ ತಾನು ಹೀಗೆ ನೋಡಿಕೊಂಡವರು ಯಾರೂ ಇರಲಾರರು ಎಂದು ಅವಳು ನನಗೆ ಹೇಳಿದಳು. "ಕಾಲು ಹಿಂದೆ ಇಡೋಣ ಅಂದ್ರೆ ಆಗ್ಲಿಲ್ಲ. ನಾನು ಹೋಗಿ ಎಷ್ಟೋ ವರ್ಷ ಆಗಿದೆ, ನನಗೆ ಮಾತ್ರ ಯಾರೂ ಹೇಳಿಲ್ಲ ಅನ್ನಿಸ್ತು."

"ಬಂದ್ಯಾ" ಎಂದಿತು ಮೂಲೆಯಿಂದ ಒಂದು ದನಿ.

ಚಾಪೆಯ ಮೇಲೆ ಕಾಲು ಚಾಚಿ ಕೂತಿದ್ದಳು ದುರ್ಗಮ್ಮ. ವಿಡಿಯೊದಲ್ಲಿ ಇದ್ದುದಕ್ಕಿಂತ ಅರ್ಧವಾಗಿದ್ದಳು. ಮಂಡಿಗೆ ಬಟ್ಟೆ ಸುತ್ತಿತ್ತು. ಆಶ್ಚರ್ಯಪಟ್ಟಂತೆ ಕಾಣಲಿಲ್ಲ.

"ಅಮ್ಮಾ, ಅದು ನನ್ನ ಫೋಟೊ" ಎಂದಳು ಉಮಾ.

"ಗೊತ್ತು ತಾಯಿ. ನೀನು ಶಿವಮೊಗ್ಗದ ವಿಡಿಯೊ ಮೇಡಂ. ನಂಗೆ ತಲೆ ಕೆಟ್ಟಿಲ್ಲ. ಕೂತ್ಕೋ."

ಉಮಾ ಬಾಗಿಲ ಪಕ್ಕದಲ್ಲೇ ಕೂತಳು.

ದುರ್ಗಮ್ಮನ ಗಂಡ ಬೇಗ ಹೋಗಿದ್ದ. ಇದ್ದವಳು ಒಬ್ಬಳೇ ಮಗಳು, ಭದ್ರಮ್ಮ, ಕರೆಯುವುದು ಭದ್ರಿ. ಬಟ್ಟೆ ಹೊಲಿಯುವುದನ್ನು ಕಲಿಯಲು ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋಗಿ ಬರುತ್ತಿದ್ದಳು. 1999ರಲ್ಲಿ, ಹತ್ತೊಂಬತ್ತು ತುಂಬಿದ ವರ್ಷ, ಕಾಮಾಲೆಯಾಗಿ ಹನ್ನೆರಡು ದಿನದಲ್ಲಿ ಹೋದಳು. "ಫೋಟೊ ಅಂತ ಇದ್ದದ್ದು ಬಸ್ ಪಾಸಲ್ಲಿ ಒಂದೇ. ಅದು ಅವಳ ಲಂಗದ ಜೇಬಲ್ಲಿತ್ತು. ಅದೇ ಲಂಗದಲ್ಲೇ ಮಣ್ಣು ಮಾಡಿದ್ವಿ. ನಾಲ್ಕು ದಿನ ಆದ್ಮೇಲೆ ನೆನಪಾಯ್ತು."

"ಮೊದ್ಲು ಕಣ್ಮುಚ್ಚಿದ್ರೆ ಕಾಣ್ತಿದ್ಲು" ಎಂದಳು ದುರ್ಗಮ್ಮ. "ಐದಾರು ವರ್ಷಕ್ಕೆ ಮುಖ ಹೋಗ್ತಾ ಬಂತು. ಮೂಗು ನೆನೆಸ್ಕೊಂಡ್ರೆ ಬಾಯಿ ಇಲ್ಲ. ಬಾಯಿ ನೆನೆಸ್ಕೊಂಡ್ರೆ ಕಣ್ಣಿಲ್ಲ. ಕೊನೆಗೆ ಜಡೆ ಒಂದೇ ಉಳೀತು, ಬೆನ್ನು ತಿರುಗ್ಸಿ ನಿಂತಂಗೆ. ಆಮೇಲೆ ಒಂದಿನ ಮಂಟಪದಲ್ಲಿ ಪಾತ್ರೆ ಎತ್ಕೊಂಡು ಬರ್ತಿದ್ರೆ ನೀನು ತಿರುಗ್ದೆ. ಮುಖ ಬಂತು."

ಅಲ್ಲಿಂದ ಪ್ರತಿ ವರ್ಷ ನೋಡುತ್ತ ಬಂದಳು. ಉಮಾ ದಪ್ಪಗಾದದ್ದು, ಕೂದಲು ಕತ್ತರಿಸಿಕೊಂಡದ್ದು, ಕನ್ನಡಕ ಬಂದದ್ದು. ಭದ್ರಿ ಇದ್ದಿದ್ದರೆ ಮೂವತ್ತಕ್ಕೆ ಹೀಗೆ, ಮೂವತ್ತೈದಕ್ಕೆ ಹೀಗೆ ಎಂದುಕೊಂಡು. ಮಂಡಿ ಹೋದ ಮೇಲೆ ಊರೂರು ತಿರುಗಲಾಗಲಿಲ್ಲ. ಫೋಟೊ ಕೇಳಿ ಪಡೆದಳು.

ಕೇಳುತ್ತ ಕೂತ ಉಮಾಗೆ ಒಂದು ಯೋಚನೆ ಬಂತು. ಆ ಹುಡುಗಿ ನಿಜವಾಗಿ ತನ್ನ ಹಾಗೆ ಇದ್ದಳೇ? ಇರಲೇಬೇಕೆಂದಿಲ್ಲ. ಅಳಿಸಿಹೋದ ಜಾಗಕ್ಕೆ ತನ್ನ ಮುಖ ಬಂದು ಕೂತಿರಬಹುದು. ಈಗ ಇನ್ನಾರಿಗೂ ಅದನ್ನು ಹೋಲಿಸಿ ನೋಡಲಾಗುವುದಿಲ್ಲ. ಭದ್ರಿ ಎಂಬ ಹುಡುಗಿಗೆ ಈ ಲೋಕದಲ್ಲಿ ಉಳಿದಿರುವುದು ತನ್ನ ಮುಖ ಒಂದೇ.

"ಒಂದು ಕೇಳ್ತೀನಿ" ಎಂದಳು ದುರ್ಗಮ್ಮ. "ಹೋದ ವರ್ಷ ಶ್ರಾವಣದಲ್ಲಿ ನಿಂಗೆ ಜ್ವರ ಬಂದಿತ್ತಾ? ಜೋರಾಗಿ?"

ಉಮಾ ತಲೆ ಎತ್ತಿ ಗೋಡೆಯ ಫೋಟೊ ನೋಡಿದಳು.

"ಒಂದಿನ ಬೆಳಿಗ್ಗೆ ಫೋಟೊ ಮೊಳೆಯಿಂದ ಬಿತ್ತು. ಗಾಳಿ ಇಲ್ಲ, ಏನಿಲ್ಲ. ಗಾಜು ಒಡೀಲಿಲ್ಲ. ನಂಗೆ ಹೆದ್ರಿಕೆ ಆಯ್ತು. ಇನ್ನೊಂದು ಸಲ ಹೋಗ್ಬಿಡ್ತಾಳೆ ಅನ್ನಿಸ್ತು. ಒಂಬತ್ತು ದಿನ ಒಪ್ಪತ್ತು ಮಾಡ್ದೆ."

ಹೋದ ವರ್ಷ ಶ್ರಾವಣದಲ್ಲಿ ಉಮಾ ಡೆಂಗಿ ಜ್ವರದಿಂದ ಆಸ್ಪತ್ರೆಯಲ್ಲಿದ್ದಳು. ಪ್ಲೇಟ್‌ಲೆಟ್ ಇಳಿದು ಎರಡು ದಿನ ಉಜ್ಜನಪ್ಪ ಅಂಗಡಿ ಮುಚ್ಚಿ ಪಕ್ಕದಲ್ಲೇ ಕೂತಿದ್ದ. ಒಂಬತ್ತನೇ ದಿನ ಮನೆಗೆ ಕಳಿಸಿದ್ದರು.

"ಇಲ್ಲಮ್ಮ" ಎಂದಳು ಉಮಾ. "ಏನೂ ಆಗಿರ್ಲಿಲ್ಲ."

"ಒಳ್ಳೇದಾಯ್ತು" ಎಂದಳು ದುರ್ಗಮ್ಮ. ನಂಬಿದಳೋ ಇಲ್ಲವೋ ತಿಳಿಯಲಿಲ್ಲ.

ಆಮೇಲೆ ಉಮಾ ಎದ್ದು ಗೋಡೆಯ ಹತ್ತಿರ ಹೋದಳು. ಫೋಟೊ ಕೊಡಿ ಎಂದು ಕೇಳಲೆಂದೇ ಬಸ್ಸಿಳಿದು ಬಂದಿದ್ದಳು. ಅದನ್ನು ಮೊಳೆಯಿಂದ ತೆಗೆದಾಗ ದುರ್ಗಮ್ಮ ಚಾಪೆಯ ಅಂಚಿನ ಕಡ್ಡಿ ಕೀಳುತ್ತ ಕೂತಳು. ಉಮಾ ಹಾರ ತೆಗೆದು ಮಣೆಯ ಮೇಲಿಟ್ಟಳು. ದುಪ್ಪಟ್ಟದ ತುದಿಯಿಂದ ಗಾಜಿನ ಮೇಲಿನ ಕುಂಕುಮ ಒರೆಸಿದಳು. ಏಳು ವರ್ಷದ್ದು, ಬೇಗ ಹೋಗಲಿಲ್ಲ. ಉಗುಳು ಹಚ್ಚಿ ತಿಕ್ಕಬೇಕಾಯಿತು. ಸ್ವಚ್ಛವಾದ ಮೇಲೆ ಅದನ್ನು ದೇವರ ಪಟಗಳ ಸಾಲಿನಿಂದ ಬಿಡಿಸಿ, ಬಾಗಿಲ ಪಕ್ಕ ಕ್ಯಾಲೆಂಡರ್ ತೂಗುತ್ತಿದ್ದ ಮೊಳೆಗೆ ಹಾಕಿದಳು. ಕ್ಯಾಲೆಂಡರನ್ನು ಹಳೆಯ ಮೊಳೆಗೆ ಹಾಕಿದಳು.

"ಇಲ್ಲಿರ್ಲಿ" ಎಂದಳು. "ಹೂ ಹಾಕ್ಬೇಡಿ. ಅನ್ನ ಇಡ್ಬೇಡಿ. ನಾನು ಬದುಕಿದೀನಮ್ಮ."

"ಹಾಕಲ್ಲ" ಎಂದಳು ದುರ್ಗಮ್ಮ. ಆಮೇಲೆ ಉಮಾಳ ತಲೆ ನೋಡಿ, "ಕೂದ್ಲು ನೆರೆತಿದೆ ನಿಂದು" ಎಂದಳು. "ಅವಳಿಗೂ ಇಷ್ಟೊತ್ತಿಗೆ ನೆರೀತಿತ್ತು."

ಉಣ್ಣು ಎಂದು ಒತ್ತಾಯಿಸಿದಳು. ಉಮಾ ಉಣ್ಣಲಿಲ್ಲ. ಒಂದು ಲೋಟ ನೀರು ಕುಡಿದು ಹೊರಟಳು. ನಲ್ಲಿಯ ಹತ್ತಿರ ಈಗ ಆರೇಳು ಜನ ಸೇರಿದ್ದರು. ಅವರು ದಾರಿ ಬಿಟ್ಟು ಗೋಡೆಗೆ ಒತ್ತಿಕೊಂಡು ನಿಂತರು. ಅವಳು ಅವರನ್ನು ದಾಟುತ್ತಿದ್ದಾಗ ಬೆನ್ನ ಹಿಂದೆ, ಮನೆಯ ಬಾಗಿಲಿನಿಂದ ದುರ್ಗಮ್ಮನ ದನಿ ಕೇಳಿತು.

"ಭದ್ರೀ."

ಉಮಾ ತಿರುಗಿದಳು. ಯೋಚಿಸಿ ತಿರುಗಿದ್ದಲ್ಲ. ನಲವತ್ತನಾಲ್ಕು ವರ್ಷ ಅದೇ ಹೆಸರಿನಲ್ಲಿ ಕರೆಸಿಕೊಂಡವಳ ಹಾಗೆ, ಹೆಗಲ ಮೇಲಿಂದ, ಏನು ಎಂಬಂತೆ ತಿರುಗಿ ನಿಂತಳು. ದುರ್ಗಮ್ಮ ಹೊಸ್ತಿಲ ಮೇಲೆ ಕೂತು ನೋಡುತ್ತಿದ್ದಳು. ಗೋಡೆಗೆ ಒತ್ತಿ ನಿಂತವರಲ್ಲಿ ಯಾರೋ "ಅಯ್ಯೋ ದೇವ್ರೇ" ಎಂದರು.

ಮಲ್ಲಿಕನ ಜೊತೆ ಅವಳು ಮೂರು ತಿಂಗಳು ಮಾತು ಬಿಟ್ಟಳು. ಕಾರ್ತಿಕದ ಮದುವೆಗಳು ಶುರುವಾದ ಮೇಲೆ ಮತ್ತೆ ಒಟ್ಟಿಗೆ ಹೋಗತೊಡಗಿದರು. ಎರಡನೇ ಡಿಸ್ಕನ್ನೂ ತಂದಳು. ಅದನ್ನು ಪರೀಕ್ಷಿಸುವಾಗ ಹಸಿರು ಅಕ್ಷರ ಬಂದಲ್ಲಿಗೆ ನಿಲ್ಲಿಸಿದಳು, ಒಂದು ಫೈಲನ್ನೂ ತೆಗೆದು ನೋಡಲಿಲ್ಲ. ಮಂಟಪದಲ್ಲಿ ಈಗ ಅವಳು ಎರಡೂ ಕಣ್ಣು ತೆರೆದೇ ಕೆಲಸ ಮಾಡುತ್ತಾಳೆ. ಮಲ್ಲಿಕ್ ನಗುತ್ತಾನೆ.

ಎರಡು ತಿಂಗಳಿಗೊಮ್ಮೆ ಭದ್ರಾವತಿಗೆ ಹೋಗುತ್ತಾಳೆ. ಮಂಡಿಗೆ ಹಚ್ಚುವ ಎಣ್ಣೆ, ಒಂದಿಷ್ಟು ಹಣ್ಣು ಒಯ್ಯುತ್ತಾಳೆ. ಉಜ್ಜನಪ್ಪನಿಗೆ ಗೊತ್ತು, ಅವನು ಏನೂ ಕೇಳುವುದಿಲ್ಲ. ಓಣಿಯ ಹೆಂಗಸರು ಈಗ ಹೆದರುವುದಿಲ್ಲವಾದರೂ ಮಾತಾಡಿಸುವುದೂ ಇಲ್ಲ. ಒಳಗೆ ಹೋದೊಡನೆ ಅವಳ ಕಣ್ಣು ಮೊದಲು ಹೋಗುವುದು ಬಾಗಿಲ ಪಕ್ಕದ ಗೋಡೆಗೆ. ಹೆಚ್ಚಿನ ಸಲ ಫೋಟೊ ಬರಿದಾಗಿರುತ್ತದೆ. ಕೆಲವು ಸಲ ಚೌಕಟ್ಟಿನ ಮೂಲೆಗೆ ಒಂದೇ ಒಂದು ಕನಕಾಂಬರದ ಹೂ ಸಿಕ್ಕಿಸಿರುತ್ತದೆ. ಅಂಥ ದಿನ ಉಮಾ ಅದನ್ನು ನೋಡಿಯೂ ನೋಡದವಳಂತೆ ಚಾಪೆಯ ಮೇಲೆ ಕೂರುತ್ತಾಳೆ, ಮತ್ತು ಸಂಜೆಯ ಬಸ್ಸಿಗೆ ಕಾಯದೆ ಬೇಗ ಹೊರಡುತ್ತಾಳೆ.